ರೆಡಿಮೇಡ್ ಪ್ರಾಜೆಕ್ಟ್ ಕೊಳ್ಳಬೇಡಿ, ನನ್ನ ಕೈತಪ್ಪಿದ ಕೆಲಸ ನಿಮ್ಮ ಕೈತಪ್ಪದಿರಲಿ

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾವು ನಾಲ್ಕು ಜನ ಸೇರಿ ಬೆಂಗಳೂರಿನ ಒಂದು ಅಂಗಡಿಯಿಂದ ಪ್ರಾಜೆಕ್ಟ್ ಕೊಂಡೆವು. 18,000 ರೂಪಾಯಿ. ಕಿಟ್, ರಿಪೋರ್ಟ್, ಪಿಪಿಟಿ, ವೈವಾ ಪ್ರಶ್ನೆಗಳಿಗೆ ಉತ್ತರ, ಎಲ್ಲ ಅದರಲ್ಲೇ. ಸೀನಿಯರ್‌ಗಳೂ ಅಲ್ಲಿಂದಲೇ ತಂದಿದ್ದರು, ಹಾಗಾಗಿ ನಾವೂ ಹೋದೆವು.

ವಿಷಯ ಆರಿಸಿದ್ದು ನಾನು. ಪಂಪ್‌ಸೆಟ್ ಮೋಟಾರ್‌ಗೆ ಸಿಂಗಲ್ ಫೇಸಿಂಗ್‌ನಿಂದ ರಕ್ಷಣೆ. ಮೋಟಾರ್‌ಗೆ ಕರೆಂಟ್ ತರುವ ಮೂರು ಲೈನ್ (ಫೇಸ್) ಪೈಕಿ ಒಂದು ಹೋದರೆ ಅದೇ ಸಿಂಗಲ್ ಫೇಸಿಂಗ್. ನಮ್ಮ ತೋಟದ ಬೋರ್‌ವೆಲ್ ಮೋಟಾರ್ ಎರಡು ಸಲ ಸುಟ್ಟಿತ್ತು. ಮೂರು ಫೇಸ್‌ನಲ್ಲಿ ಒಂದು ಹೋದರೂ ಓಡುತ್ತಿರುವ ಮೋಟಾರ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಉಳಿದ ಎರಡರಿಂದಲೇ ಸುಮಾರು 1.7 ಪಟ್ಟು ಕರೆಂಟ್ ಎಳೆಯುತ್ತದೆ, ವೈಂಡಿಂಗ್ (ಒಳಗಿನ ತಂತಿ ಸುರುಳಿ) ಕಾದು ಸುಟ್ಟುಹೋಗುತ್ತದೆ. ಮೋಟಾರ್ ಮೇಲೆತ್ತಿಸಿ ರಿವೈಂಡಿಂಗ್ ಮಾಡಿಸಲು ಅಪ್ಪ ಸಾಲ ಮಾಡಿದ್ದು ಇವತ್ತಿಗೂ ನೆನಪಿದೆ.

ಕಿಟ್‌ನಲ್ಲಿದ್ದದ್ದು ಮೂರು ಸಣ್ಣ ಟ್ರಾನ್ಸ್‌ಫಾರ್ಮರ್, ಮೈಕ್ರೋಕಂಟ್ರೋಲರ್ ಬೋರ್ಡ್, ಒಂದು ರಿಲೇ (ಕರೆಂಟ್‌ನಿಂದ ತಾನೇ ಆನ್ ಆಫ್ ಆಗುವ ಸ್ವಿಚ್). ಮೋಟಾರ್ ಜಾಗದಲ್ಲಿ ಮೂರು ಬಲ್ಬ್! ಒಂದು ಸ್ವಿಚ್ ಆಫ್ ಮಾಡಿದರೆ ರಿಲೇ ಟಕ್ ಅನ್ನುತ್ತಿತ್ತು, ಮೂರೂ ಬಲ್ಬ್ ಆರುತ್ತಿದ್ದವು. ವೈವಾದಲ್ಲಿ ಒಳ್ಳೇ ಮಾರ್ಕ್ಸ್ ಬಂತು.

ಆಮೇಲೆ ಮೋಟಾರ್ ಕಂಟ್ರೋಲ್ ಪ್ಯಾನೆಲ್ ಮಾಡುವ ಒಂದು ಕಂಪನಿ ಕ್ಯಾಂಪಸ್‌ಗೆ ಬಂತು. ನನಗೆ ತುಂಬಾ ಬೇಕಾಗಿದ್ದ ಕೆಲಸ. ವಯಸ್ಸಾದ ಎಂಜಿನಿಯರ್ ಒಬ್ಬರು ರೆಸ್ಯೂಮೆಯಲ್ಲಿದ್ದ ಪ್ರಾಜೆಕ್ಟ್ ಹೆಸರಿನ ಮೇಲೆ ಬೆರಳಿಟ್ಟರು.

"ಮೋಟಾರ್ ಓಡ್ತಾ ಇರುವಾಗಲೇ ಒಂದು ಫ್ಯೂಸ್ ಹೋಯ್ತು. ನಿಮ್ಮ ಯೂನಿಟ್‌ಗೆ ಹೇಗೆ ಗೊತ್ತಾಗುತ್ತೆ?"

"ಆ ಫೇಸ್‌ನಲ್ಲಿ ವೋಲ್ಟೇಜ್ ಸೊನ್ನೆ ಆಗುತ್ತೆ ಸರ್."

"ಮೋಟಾರ್ ಟರ್ಮಿನಲ್‌ನಲ್ಲೂ ಸೊನ್ನೆ ಆಗುತ್ತಾ?" ಹಾಳೆ ನನ್ನ ಕಡೆ ಸರಿಸಿದರು. ಏನೂ ಬರೆಯಲಾಗಲಿಲ್ಲ.

ಅದು ಸೊನ್ನೆ ಆಗುವುದಿಲ್ಲ. ತಿರುಗುತ್ತಿರುವ ಮೋಟಾರ್ ಕಡಿದುಹೋದ ಫೇಸ್‌ನಲ್ಲೂ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ವೋಲ್ಟೇಜ್ ಇದೆಯಾ ಇಲ್ಲವಾ ಅಂತ ಮಾತ್ರ ನೋಡುವ ಸರ್ಕ್ಯೂಟ್ ಅಲ್ಲಿ ಮೋಸಹೋಗುತ್ತದೆ. ಕರೆಂಟ್ ಅಳೆಯಬೇಕು, ಇಲ್ಲವೇ ಮೂರು ಫೇಸ್‌ಗಳ ನಡುವಿನ ಏರುಪೇರು ಹಿಡಿಯಬೇಕು. ಬಲ್ಬ್ ವೋಲ್ಟೇಜ್ ಹುಟ್ಟಿಸುವುದಿಲ್ಲ, ಅದಕ್ಕೇ ಡೆಮೋದಲ್ಲಿ ಎಲ್ಲ ಸರಿಯಾಗಿ ಕಂಡಿತ್ತು.

"ನಿಜವಾದ ಮೋಟಾರ್‌ಗೆ ಹಾಕಿ ನೋಡಿದ್ರಾ?" ಅಂದರು. ಇಲ್ಲ ಅಂದೆ. ಇಂಟರ್‌ವ್ಯೂ ಅಲ್ಲಿಗೇ ಮುಗಿಯಿತು.

ಕೆಲಸ ಹೋದದ್ದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ. ಆ ಪೆಟ್ಟಿಗೆಯನ್ನು ನಂಬಿ ನಮ್ಮ ತೋಟದಲ್ಲಿ ಹಾಕಿದ್ದರೆ ಮೋಟಾರ್ ಮೂರನೇ ಸಲವೂ ಸುಡುತ್ತಿತ್ತು. ಆಮೇಲೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್.ಪಿ. ರೋಡ್‌ಗೆ ಹೋಗಿ ಅದೇ ಸಾಮಾನು ಬಿಡಿಬಿಡಿಯಾಗಿ ತಂದೆ, 3,000 ರೂಪಾಯಿಯೂ ಆಗಲಿಲ್ಲ. ಕರೆಂಟ್ ಅಳೆಯಲು ಬೇಕಾದ ಕರೆಂಟ್ ಟ್ರಾನ್ಸ್‌ಫಾರ್ಮರ್ ಸೇರಿಸಿ ನಾನೇ ಕಟ್ಟಿದೆ. ಎರಡು ಬೋರ್ಡ್ ಸುಟ್ಟವು, ಮೂರನೆಯದು ಕೆಲಸ ಮಾಡಿತು.

ಈಗಾಗಲೇ ದುಡ್ಡು ಕೊಟ್ಟುಬಿಟ್ಟಿದ್ದೀರಾ? ಹಾಗಾದರೆ ಕಿಟ್ ಬಿಚ್ಚಿ, ಸರ್ಕ್ಯೂಟ್ ಪೂರ್ತಿ ಕೈಯಲ್ಲೇ ಬರೆಯಿರಿ. ಪ್ರತಿ ಕಾಂಪೊನೆಂಟ್ ಅಲ್ಲಿ ಯಾಕಿದೆ ಅಂತ ನಾಲ್ಕೂ ಜನ ಒಬ್ಬರಿಗೊಬ್ಬರು ವಿವರಿಸಿ. ಆಮೇಲೆ ಮೆಷಿನ್ಸ್ ಲ್ಯಾಬ್‌ನಲ್ಲಿ ಇನ್‌ಸ್ಟ್ರಕ್ಟರ್ ಅವರನ್ನು ಜೊತೆಗಿಟ್ಟುಕೊಂಡೇ, ಒಂದು ಸಣ್ಣ ಮೂರು ಫೇಸ್ ಮೋಟಾರ್‌ಗೆ ಜೋಡಿಸಿ ನೋಡಿ. ಇನ್ನೂ ಸಮಯ ಇದೆ.