ಸೂರ್ಯನೋ, ಚಂದ್ರನೋ, ಚಿರೇಕಲ್ಲಿನ ಗೋಡೆಯೋ?

ಕೇಬಲ್‌ನವರು ಗುಜರಿಗೆ ಹಾಕಬೇಕೆಂದಿದ್ದ ಎಂಟಡಿ ಜಾಲರಿ ಡಿಶ್ ಈಗ ಕಾರವಾರದ ನಮ್ಮ ಮನೆ ತಾರಸಿ ಮೇಲಿದೆ. ಉಪಗ್ರಹದಿಂದ ಬರುವ 4 ಗಿಗಾಹರ್ಟ್ಸ್ ರೇಡಿಯೋ ಅಲೆ ಹಿಡಿಯುವಂಥದು. ಉಪ್ಪುಗಾಳಿಗೆ ಬೋಲ್ಟ್‌ಗಳೆಲ್ಲ ತುಕ್ಕು ಹಿಡಿದಿದ್ದವು, ಜಾಲರಿ ಒಂದು ಬದಿ ನೆಗ್ಗಿತ್ತು. ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ ಅಂತ ಅಳೆಯಬೇಕಿತ್ತು.

ಉಪಾಯ ಸರಳ. ಖಾಲಿ ಆಕಾಶದ ಕಡೆ ತಿರುಗಿಸಿ ನಾಯ್ಸ್, ಅಂದರೆ ಸದಾ ಇರುವ ರೇಡಿಯೋ ಗೊರಗೊರ, ಎಷ್ಟಿದೆ ನೋಡಬೇಕು, ಆಮೇಲೆ ರೇಡಿಯೋ ಅಲೆ ಸೂಸುವ ವಸ್ತುವಿನ ಕಡೆ. ಎಷ್ಟು ಡೆಸಿಬೆಲ್ ಏರಿತು ಅನ್ನುವುದೇ ಅಂಕ (ಡೆಸಿಬೆಲ್ ಅಂದರೆ ಇಲ್ಲಿ ಸಿಗ್ನಲ್ ಶಕ್ತಿ ಎಷ್ಟು ಪಟ್ಟಾಯಿತು ಅನ್ನುವ ಅಳತೆ; 10 ಅಂದರೆ ಹತ್ತು ಪಟ್ಟು).

ಮೊದಲು ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿದು ಹಿಗ್ಗಿಸುವ ಡಬ್ಬಿ) ಬಿಚ್ಚಿ ಚಿರೇಕಲ್ಲಿನ ಗೋಡೆಗೆ ಹಿಡಿದೆ, ಗೋಡೆಯೂ ಸ್ವಲ್ಪ ರೇಡಿಯೋ ಅಲೆ ಸೂಸುತ್ತದೆ, ನಂತರ ನೆತ್ತಿಯ ಕಡೆ. ಸುಮಾರು 6 ಡೆಸಿಬೆಲ್ ವ್ಯತ್ಯಾಸ. ಎಲ್‌ಎನ್‌ಬಿ ಚೆನ್ನಾಗಿದೆ ಅಂತ ಗೊತ್ತಾಯಿತು, ಡಿಶ್ ಬಗ್ಗೆ ಏನೂ ಇಲ್ಲ.

ಸೂರ್ಯನ ಕಡೆ ತಿರುಗಿಸಲು ಕಷ್ಟವೇ ಇಲ್ಲ. ಎಲ್‌ಎನ್‌ಬಿಯ ನೆರಳು ಡಿಶ್ ನಡುವೆ ಬಿದ್ದರೆ ಸಾಕು. 10 ಡೆಸಿಬೆಲ್ ಏರಿತು! ಆಮೇಲೆ ಡಿಶ್ಶನ್ನು ಸೂರ್ಯನ ದಾರಿಯಲ್ಲಿ ಸ್ವಲ್ಪ ಮುಂದಕ್ಕೆ ಇಟ್ಟು ಹಾಗೇ ಬಿಟ್ಟು, ಅವನು ಎದುರಿಗೆ ಬಂದು ಜಾರಿಹೋಗುವುದನ್ನು ದಾಖಲಿಸಿದೆ. ಆಕಾಶದಲ್ಲಿ ಅವನು 4 ನಿಮಿಷಕ್ಕೆ ಹೆಚ್ಚುಕಡಿಮೆ 1 ಡಿಗ್ರಿ ಸರಿಯುತ್ತಾನೆ, ಹಾಗಾಗಿ ಗಡಿಯಾರವೇ ಅಳತೆಪಟ್ಟಿ. ಸಿಗ್ನಲ್ ಏರುವಾಗಿನ ಅರ್ಧ ಶಕ್ತಿಯಿಂದ ಇಳಿಯುವಾಗಿನ ಅರ್ಧ ಶಕ್ತಿಗೆ ಸುಮಾರು 9 ನಿಮಿಷ, ಅಂದರೆ ಡಿಶ್‌ನ ನೋಟದ ಅಗಲ ಎರಡೂಕಾಲು ಡಿಗ್ರಿ. ದಾಖಲೆಯ ಗೆರೆ ಒಂದು ಬದಿ ನಿಧಾನ ಇಳಿದಿತ್ತು. ನೆಗ್ಗಿದ ಜಾಲರಿಯದೇ ಕೆಲಸ ಇರಬೇಕು.

ಬೋಲ್ಟ್ ಬಿಗಿ ಮಾಡಿ ಕೆಲವು ದಿನ ಬಿಟ್ಟು ನೋಡಿದರೆ 11 ಡೆಸಿಬೆಲ್! ಖುಷಿಯಾಗಿ ಚಹಾ ಮಾಡಿಸಿದೆ. ಆಮೇಲೆ ಕೆನಡಾದ ಪೆಂಟಿಕ್ಟನ್‌ನಲ್ಲಿ ದಿನವೂ 2800 ಮೆಗಾಹರ್ಟ್ಸ್‌ನಲ್ಲಿ ಅಳೆಯುವ, ಸೂರ್ಯ ಎಷ್ಟು ರೇಡಿಯೋ ಅಲೆ ಸೂಸುತ್ತಾನೆ ಅನ್ನುವ ಅಂಕಿ ನೋಡಿದೆ. ಏರಿಸಿದ್ದು ಸೂರ್ಯನೇ, ನನ್ನ ಸ್ಪ್ಯಾನರ್ ಅಲ್ಲ.

ಚಂದ್ರನಿಗೆ ಆ ಚಂಚಲತೆ ಇಲ್ಲ. ಈ ತರಂಗದಲ್ಲಿ ಹುಣ್ಣಿಮೆ ಅಮಾವಾಸ್ಯೆಯ ವ್ಯತ್ಯಾಸವೂ ಕಮ್ಮಿ. ಆದರೆ ಸಿಕ್ಕಿದ್ದು ಬರೀ ಅರ್ಧ ಡೆಸಿಬೆಲ್. ರಾತ್ರಿ ತಾರಸಿಯಲ್ಲಿ ನನ್ನನ್ನು ಕಂಡ ಪಕ್ಕದ ಮನೆಯವರು, “ಎಂತ ಮಾಡ್ತೀರಿ ಮಾರಾಯ್ರೇ?” ಅಂದರು. ಉತ್ತರ ಕೊಡುವಷ್ಟು ಸಿಗ್ನಲ್ ಇರಲಿಲ್ಲ.

ಕ್ಯಾಸಿಯೋಪಿಯಾ ಎ ಅನ್ನೂ ಬಿಡಲಿಲ್ಲ. ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿ ಸಿಡಿದ ನಕ್ಷತ್ರದ ಅವಶೇಷ ಅದು, ವರ್ಷವರ್ಷ ಸ್ವಲ್ಪ ಮಂಕಾಗುತ್ತಿದೆ. ಇಲ್ಲಿಂದ ಉತ್ತರಕ್ಕೆ 46 ಡಿಗ್ರಿ ಎತ್ತರಕ್ಕೆ ಬರುತ್ತದೆ. ನನ್ನ ಮೀಟರ್ ಅಲ್ಲಾಡಲೇ ಇಲ್ಲ. ಅದಕ್ಕೆ ಇನ್ನೂ ಬಹಳ ದೊಡ್ಡ ಡಿಶ್ ಬೇಕು.

ಹಾಗಾಗಿ ನಾನು ಸೂರ್ಯನ ಪಕ್ಷ, ಅದೇ ದಿನದ ಪೆಂಟಿಕ್ಟನ್ ಅಂಕಿ ಜೊತೆಗೆ. ಜಾಲರಿ ತಟ್ಟಿ ನೇರ ಮಾಡಿದ ಮೇಲೆ, ಅಂಕಿ ಮೊದಲಿನಷ್ಟೇ ಇದ್ದ ದಿನ ಅಳೆದೆ. ಹತ್ತೂವರೆ ಡೆಸಿಬೆಲ್ ಬಂತು. ಮಳೆಗಾಲದಲ್ಲೂ ಮೋಡ ದಾಟಿ ಸಿಗ್ನಲ್ ಬರುತ್ತದೆ, ನೆರಳು ಮಾತ್ರ ಇರುವುದಿಲ್ಲ. ಆಗ ಕೋನ ಲೆಕ್ಕ ಹಾಕಿಯೇ ತಿರುಗಿಸಬೇಕು, ಕೊಡೆ ಹಿಡಿದುಕೊಂಡು.