ಸೋಲಾರ್ ಇನ್ವರ್ಟರ್‌ಗೆ ಎರಡು ಫ್ಯಾನ್: ಮೂರು ಬೇಸಿಗೆ ಬಳಸಿದ ಮೇಲೆ

ನಮ್ಮ ಮನೆ ಪುಣೆಯ ಧನಕವಡಿಯಲ್ಲಿ. ತಾರಸಿ ಮೇಲೆ 5 ಕಿಲೋವ್ಯಾಟ್ ಪ್ಯಾನೆಲ್, ಮೆಟ್ಟಿಲ ಕೋಣೆಯ ಪಶ್ಚಿಮದ ಹೊರಗೋಡೆಗೆ ಇನ್ವರ್ಟರ್, ಅಂದರೆ ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡೋ ಪೆಟ್ಟಿಗೆ. ಕೇಬಲ್ ಉಳಿಯುತ್ತೆ ಅಂತ ಹಾಕಿದವರು ಅಲ್ಲೇ ಬಡಿದು ಹೋದರು, ನಾನೂ ಸುಮ್ನೆ ನೋಡುತ್ತಾ ನಿಂತಿದ್ದೆ. ತಪ್ಪು ಶುರುವಾಗಿದ್ದೇ ಅಲ್ಲಿ.

2023ರ ಏಪ್ರಿಲ್‌ನಲ್ಲಿ ಇನ್ವರ್ಟರ್ ಆ್ಯಪ್ ತೆಗೆದು ನೋಡಿದರೆ, ಮಧ್ಯಾಹ್ನದ ಕರೆಂಟ್ ಗ್ರಾಫ್ ಗುಡ್ಡದ ಹಾಗೆ ನಿಧಾನಕ್ಕೆ ಇಳಿಯೋದು ಬಿಟ್ಟು ಒಂದು ಗಂಟೆ ಹೊತ್ತಿಗೆ 3.9ರಿಂದ 3.3 ಕಿಲೋವ್ಯಾಟ್‌ಗೆ ದಬ್ಬನೆ ಬೀಳುತ್ತಿತ್ತು. ಒಳಗಿನ ಉಷ್ಣತೆ 74 ಡಿಗ್ರಿ. ಮೈ ಮುಟ್ಟಿದರೆ ರೊಟ್ಟಿ ಹಂಚು. ನೂರಕ್ಕೆ 97 ಭಾಗ ಕರೆಂಟ್ ಕೊಡೋ ಇನ್ವರ್ಟರ್ ಆದರೂ ಉಳಿದ 3 ಭಾಗ ಶಾಖವೇ ಆಗುತ್ತೆ, 4 ಕಿಲೋವ್ಯಾಟ್ ಓಡುವಾಗ ಅದು ಸುಮಾರು 120 ವ್ಯಾಟ್. ಅದರ ಮೇಲೆ ಪಶ್ಚಿಮದ ಬಿಸಿಲು. ತೀರಾ ಕಾದರೆ ತನ್ನ ಜೀವ ಉಳಿಸಿಕೊಳ್ಳಲು ಅದು ತಾನೇ ಪವರ್ ತಗ್ಗಿಸುತ್ತೆ. (ಲೈನ್ ವೋಲ್ಟೇಜ್ ಏರಿದರೂ ಕೆಲವು ಇನ್ವರ್ಟರ್ ಹೀಗೇ ಮಾಡುತ್ತವೆ, ಮೊದಲು ಅದನ್ನು ನೋಡಿಕೊಳ್ಳಿ. ನಮ್ಮದು ಸರಿಯಿತ್ತು.)

ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಹೋಗಿ 12 ವೋಲ್ಟಿನ ಎರಡು ಕಂಪ್ಯೂಟರ್ ಫ್ಯಾನ್, ಅಡಾಪ್ಟರ್, ಬಿಸಿ ಏರಿದಾಗ ಫ್ಯಾನ್ ಹಾಕೋ ಒಂದು ಪುಟ್ಟ ಥರ್ಮೋಸ್ಟಾಟ್ ತಂದೆ. ಎಲ್ಲ ಸೇರಿ 1,300 ರೂಪಾಯಿ. ಇನ್ವರ್ಟರ್ ಮೈಗೆ ಒಂದು ತೂತೂ ಕೊರೆದಿಲ್ಲ, ವಾರಂಟಿ ಹೋಗುತ್ತೆ ಅಂತ. ಗೋಡೆಗೆ ಬೇರೆ ಕಬ್ಬಿಣದ ಪಟ್ಟಿ ಹೊಡೆದು ಅದಕ್ಕೆ ಫ್ಯಾನ್ ಕಟ್ಟಿದೆ.

ಮೊದಲ ವಾರ ಬರೀ 3 ಡಿಗ್ರಿ ಇಳಿಯಿತು. ದುಡ್ಡು ದಂಡ ಅಂದುಕೊಂಡೆ. ಆಮೇಲೆ ನೋಡಿದರೆ ಫ್ಯಾನ್‌ಗಳನ್ನು ಮೇಲಿಂದ ಕೆಳಕ್ಕೆ ಊದೋ ಹಾಗೆ ಕಟ್ಟಿದ್ದೆ. ಇನ್ವರ್ಟರ್ ಬೆನ್ನಿಗೆ ಶಾಖ ಹೊರಹಾಕೋ ಲೋಹದ ರೆಕ್ಕೆಗಳಿರುತ್ತವೆ, ಅವುಗಳ ಸಂದಿಯಲ್ಲಿ ಬಿಸಿ ಗಾಳಿ ತಾನಾಗಿ ಮೇಲೆ ಹೋಗುತ್ತಿರುತ್ತೆ, ನಾನು ಅದರ ಜೊತೆ ಕುಸ್ತಿಗೆ ಬಿಟ್ಟಿದ್ದೆ ಅಷ್ಟೆ. ಬಹಳಷ್ಟು ಫ್ಯಾನ್ ಚೌಕಟ್ಟಿನ ಅಂಚಲ್ಲಿ ಗಾಳಿ ಯಾವ ಕಡೆ ಅಂತ ಸಣ್ಣ ಬಾಣದ ಗುರುತು ಇರುತ್ತೆ, ಕನ್ನಡಕ ಹಾಕಿಕೊಂಡು ನೋಡಬೇಕು. ತಳದಲ್ಲಿ ಕಟ್ಟಿ ಮೇಲಕ್ಕೆ ಊದಿಸಿದಾಗ 74 ಇದ್ದದ್ದು 65ಕ್ಕೆ ಬಂತು.

ಅವ್ವ ಸಂಡಿಗೆ ಒಣಹಾಕಲು ಬಂದವಳು ಇದನ್ನೆಲ್ಲ ನೋಡಿ, "ನಾವು ಬಿಸಿಲಿಗೆ ತಲಿ ಮ್ಯಾಲ ಸೆರಗ ಹಾಕ್ಕೊಂತೀವಿ, ಅದಕ್ಕೊಂದು ನೆರಳ ಬ್ಯಾಡೇನು?" ಅಂದಳು. ನಾಚಿಕೆಯಾಯಿತು. ಒಂದಡಿ ಮೇಲೆ, ಪಕ್ಕದಲ್ಲೂ ಗಾಳಿಗೆ ಜಾಗ ಬಿಟ್ಟು ತಗಡಿನ ಮಾಡು ಇಳಿಬಿಟ್ಟೆ. ಮೇ ತಿಂಗಳಲ್ಲಿ 57 ದಾಟಲಿಲ್ಲ, ಗ್ರಾಫ್ ಬೀಳೋದೂ ನಿಂತಿತು.

ಯೂನಿಟ್ ಎಷ್ಟು ಹೆಚ್ಚಾಯಿತು ಅಂತ ಕೇಳಿದರೆ, ತೀರಾ ಸೆಕೆಯ ದಿನ ಒಂದು ಯೂನಿಟ್ ಒಳಗೆ. ಫ್ಯಾನ್ ತಿನ್ನೋದು ಎರಡೂ ಸೇರಿ 5 ವ್ಯಾಟ್, ಅದು ಲೆಕ್ಕಕ್ಕಿಲ್ಲ. ಆದರೆ ಪ್ಯಾನೆಲ್ ಕಾದು ಆಗೋ ನಷ್ಟಕ್ಕೆ ಈ ಫ್ಯಾನ್ ಏನೂ ಮಾಡಲ್ಲ, ಅದು ಬೇರೆ ಕಥೆ. ನಾನು ಫ್ಯಾನ್ ಇಟ್ಟುಕೊಂಡಿರೋದು ಒಳಗೆ ಕರೆಂಟ್ ಹಿಡಿದಿಟ್ಟು ಬಿಡೋ ಪುಟ್ಟ ಭಾಗಗಳಾದ ಕೆಪಾಸಿಟರ್‌ಗಳಿಗಾಗಿ. 10 ಡಿಗ್ರಿ ಕಡಿಮೆಯಾದರೆ ಅವುಗಳ ಆಯಸ್ಸು ಹೆಚ್ಚುಕಮ್ಮಿ ಎರಡು ಪಟ್ಟು ಅನ್ನೋದು ಎಲೆಕ್ಟ್ರಾನಿಕ್ಸ್‌ನವರ ಹಳೇ ಲೆಕ್ಕ.

ತೊಂದರೆಗಳೂ ಇವೆ. ಅಗ್ಗದ ಸ್ಲೀವ್ ಬೇರಿಂಗ್ (ಗುಂಡುಗಳಿಲ್ಲದೆ ಬರೀ ಕೊಳವೆಯಲ್ಲಿ ಅಚ್ಚು ತಿರುಗೋ) ಫ್ಯಾನ್‌ಗಳು ಎರಡನೇ ಬೇಸಿಗೆಗೇ ಕಿರುಚತೊಡಗಿದವು, ಬಾಲ್ ಬೇರಿಂಗ್ ಹಾಕಿದ ಮೇಲೆ ಸುಮ್ಮನಾದವು. ಮೊದಲ ಮಳೆಗಾಲ ಅಡಾಪ್ಟರ್ ಒಳಗೆ ನೀರು ಹೋಗಿ ಸತ್ತಿತು, ಈಗ ಜೂನ್ ಬಂದ ಕೂಡಲೇ ಎಲ್ಲ ಬಿಚ್ಚಿ ಒಳಗಿಡುತ್ತೇನೆ. ಧೂಳು ಮಾತ್ರ ಜಾಸ್ತಿ, ಫ್ಯಾನ್ ಇದ್ದರೆ ಇನ್ನೂ ಜಾಸ್ತಿ ಎಳೆಯುತ್ತೆ. ನಮ್ಮ ಸುತ್ತ ಕಟ್ಟಡ ಕೆಲಸ ನಿಲ್ಲೋದೇ ಇಲ್ಲ. ಹೋದ ವರ್ಷ ಇನ್ವರ್ಟರ್ ರೆಕ್ಕೆಗಳ ನಡುವೆ ಸಿಮೆಂಟ್ ಧೂಳು, ಪಾರಿವಾಳದ ಪುಕ್ಕ ಸೇರಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು. ಬೆಳಿಗ್ಗೆ ಬೇಗ ಪ್ಯಾನೆಲ್ ಕಡೆ, ಲೈನ್ ಕಡೆ ಎರಡೂ ಆಫ್ ಮಾಡಿ ಒಣ ಪೇಂಟ್ ಬ್ರಷ್‌ನಲ್ಲಿ ತೆಗೆದೆ. ಅಷ್ಟಕ್ಕೇ 4 ಡಿಗ್ರಿ ಇಳಿಯಿತು!

ಪಕ್ಕದ ಮನೆಯವರು ಕೇಂದ್ರ ಸರ್ಕಾರದ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಸಿಕ್ಕಿ 3 ಕಿಲೋವ್ಯಾಟ್ ಹಾಕಿಸಿದರು, ನಮಗೂ ಫ್ಯಾನ್ ಬೇಕಾ ಅಂತ ಕೇಳಿದರು. ಅವರದ್ದು ಉತ್ತರದ ಗೋಡೆ, ದಿನವಿಡೀ ನೆರಳು. ಬೇಡ ಕಾಕಾ, ಬ್ರಷ್ ಒಂದು ಸಾಕು ಅಂದೆ. ನಮ್ಮ ಎಡಗಡೆ ಫ್ಯಾನ್ ಮತ್ತೆ ಸಣ್ಣಗೆ ಕರಕರ ಅನ್ನುತ್ತಿದೆ, ಫೆಬ್ರವರಿಗೆ ಮುಂಚೆ ಗಲ್ಲಿಗೆ ಹೋಗಿ ಬರಬೇಕು.