ಕ್ರೂಸರ್‌ನಲ್ಲಿ ತಿರುವು ಕಲಿಯಲು ಮೂರು ದಾರಿ: ಖಾಲಿ ಬಡಾವಣೆ, ಘಾಟಿ, ರೇಸ್ ಟ್ರ್ಯಾಕ್

ಕ್ರೂಸರ್ ಬೈಕನ್ನು ನೇರ ರಸ್ತೆಯಲ್ಲಿ ಓಡಿಸಲು ಯಾರೂ ಪ್ರತ್ಯೇಕವಾಗಿ ಕಲಿಯಬೇಕಾಗಿಲ್ಲ. ಆಸನ ತಗ್ಗಿನಲ್ಲಿರುವುದರಿಂದ ಎರಡೂ ಪಾದಗಳು ನೆಲಕ್ಕೆ ಸಲೀಸಾಗಿ ಊರುತ್ತವೆ, ಹ್ಯಾಂಡಲ್ ಕೈಗೆ ಹತ್ತಿರ ಬರುತ್ತದೆ, ಕಾಲುಗಳು ಆರಾಮವಾಗಿ ಮುಂದಕ್ಕೆ ಚಾಚಿಕೊಂಡಿರುತ್ತವೆ. ತಿರುವು ಬಂದಾಗ ಈ ಅನುಕೂಲಗಳೇ ತೊಡಕಾಗುತ್ತವೆ. ವೀಲ್‌ಬೇಸ್, ಅಂದರೆ ಎರಡು ಚಕ್ರಗಳ ನಡುವಿನ ಅಂತರ, ಉದ್ದವಿರುವುದರಿಂದ ಬೈಕ್ ನಿಧಾನವಾಗಿ ಮಣಿಯುತ್ತದೆ. ಮುಂದೆ ಚಾಚಿದ ಕಾಲುಗಳಿಂದ ಫುಟ್‌ಪೆಗ್ (ಪಾದ ಇಡುವ ಕಡ್ಡಿ) ಮೇಲೆ ಭಾರ ಹಾಕಿ ದೇಹವನ್ನು ಸರಿಸುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಬೈಕುಗಳು ಇನ್ನೂ ನಿಶ್ಚಿಂತೆಯಿಂದ ವಾಲುತ್ತಿರುವಾಗಲೇ ಕ್ರೂಸರ್‌ನ ಫುಟ್‌ಪೆಗ್ ರಸ್ತೆಗೆ ಉಜ್ಜಲು ಶುರುವಾಗುತ್ತದೆ. ನಾನು ಓಡಿಸುವ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ತೂಕ 191 ಕಿಲೋ, ಆಸನದ ಎತ್ತರ 765 ಮಿ.ಮೀ., ವೀಲ್‌ಬೇಸ್ 1400 ಮಿ.ಮೀ. ಕ್ರೂಸರ್‌ಗಳ ಪೈಕಿ ಇದು ಸಾಧು ಜಾತಿಯದೇ. ಅದೇ ಕಂಪನಿಯ ಸೂಪರ್ ಮೀಟಿಯರ್ 650ರ ತೂಕ 241 ಕಿಲೋ, ವೀಲ್‌ಬೇಸ್ 1500 ಮಿ.ಮೀ., ನೆಲದಿಂದ ಇರುವ ಅಂತರ 135 ಮಿ.ಮೀ. ಮಾತ್ರ.

ಈ ಮಿತಿಯನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. 15 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಸುಮಾರು 18 ಡಿಗ್ರಿ ವಾಲಿದರೆ ಸಾಕು. 30 ಕಿ.ಮೀ. ವೇಗಕ್ಕೆ 25 ಡಿಗ್ರಿ ಬೇಕು, 35 ಕಿ.ಮೀ. ವೇಗಕ್ಕೆ ಸುಮಾರು 33 ಡಿಗ್ರಿ. ಹಲವು ಕ್ರೂಸರ್‌ಗಳ ಪೆಗ್ 30 ಡಿಗ್ರಿಯ ಆಸುಪಾಸಿನಲ್ಲೇ ನೆಲ ಮುಟ್ಟುತ್ತದೆ. ಅಂದರೆ ನಿಶ್ಚಿಂತೆಯ ತಿರುವಿಗೂ ಕಿಡಿ ಹಾರುವ ತಿರುವಿಗೂ ನಡುವಿನ ಅಂತರ ಗಂಟೆಗೆ 10 ಕಿ.ಮೀ. ಕೂಡ ಇಲ್ಲ. ಹಾಗಾಗಿ ಕ್ರೂಸರ್ ಸವಾರನು ಮೊದಲು ಕಲಿಯಬೇಕಾದದ್ದು ತಿರುವಿಗೆ ಮುಂಚೆಯೇ ವೇಗವನ್ನು ಹದಕ್ಕೆ ತರುವುದನ್ನು. ಹೆಚ್ಚು ವಾಲಿಸುವ ಕಸುಬು ಆಮೇಲಿನದು. ನಾನು ಪ್ರಯತ್ನಿಸಿದ ಮೂರು ದಾರಿಗಳನ್ನು ಇದೇ ದೃಷ್ಟಿಯಿಂದ ತೂಗಿ ನೋಡಿದ್ದೇನೆ. ವಿಡಿಯೊ ನೋಡಿ ಕಲಿಯುವುದನ್ನು ನಾಲ್ಕನೆಯ ದಾರಿಯೆಂದು ಎಣಿಸಿಲ್ಲ. ಅದರಿಂದ ಪದಗಳು ಪರಿಚಯವಾಗುತ್ತವೆ, ಕೈಕಾಲಿಗೆ ಏನೂ ಬರುವುದಿಲ್ಲ.

ಮೊದಲನೆಯದು ಖಾಲಿ ಬಡಾವಣೆ. ಶಿವಮೊಗ್ಗದಂಥ ಊರುಗಳ ಹೊರವಲಯದಲ್ಲಿ ಸೈಟು ಹಂಚಿ, ಟಾರು ಹಾಕಿ, ಇನ್ನೂ ಮನೆಗಳು ಏಳದ ಬಡಾವಣೆಗಳು ಬೇಕಾದಷ್ಟಿವೆ. ಅಲ್ಲಿ ಇಟ್ಟಿಗೆ ಚೂರಿನಿಂದ ಗೆರೆ ಎಳೆದುಕೊಂಡು ಎಂಟರ ಆಕಾರದಲ್ಲಿ ಸುತ್ತುವುದು, ಕಾಲು ಊರದೆ ರಸ್ತೆಯ ಅಗಲದೊಳಗೇ ಯೂ ಟರ್ನ್ ಮಾಡುವುದು, ಇವೆರಡೇ ಅಭ್ಯಾಸ. ಒಳಗುಟ್ಟು ಮೂರು ಅಂಗಗಳಲ್ಲಿದೆ. ಎಡಗೈಯಲ್ಲಿ ಕ್ಲಚ್ ಅರ್ಧ ಹಿಡಿದಿರಬೇಕು, ಬಲಗೈಯಲ್ಲಿ ಆಕ್ಸಿಲರೇಟರ್ ಒಂದೇ ಮಟ್ಟದಲ್ಲಿರಬೇಕು, ಬಲಗಾಲು ಹಿಂದಿನ ಬ್ರೇಕನ್ನು ಮೆತ್ತಗೆ ಒತ್ತಿಕೊಂಡಿರಬೇಕು. ಎಂಜಿನ್ ಮುಂದಕ್ಕೆ ತಳ್ಳುತ್ತಿರುವಾಗ ಬ್ರೇಕ್ ಹಿಂದಕ್ಕೆ ಹಿಡಿದಿರುವುದರಿಂದ 191 ಕಿಲೋ ಭಾರದ ಬೈಕ್ ನಡಿಗೆಯ ವೇಗದಲ್ಲೂ ತೂಗಾಡದೆ ನಿಲ್ಲುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿರುವಾಗ ಮುಂದಿನ ಬ್ರೇಕನ್ನು ಮಾತ್ರ ಮುಟ್ಟಬಾರದು. ಮುಟ್ಟಿದರೆ ಬೈಕ್ ಆ ಕಡೆಗೇ ಕುಸಿಯುತ್ತದೆ. ದೃಷ್ಟಿಯೂ ಅಷ್ಟೇ ಮುಖ್ಯ. ಗೆರೆಯನ್ನು ನೋಡಿದರೆ ಚಕ್ರ ಗೆರೆಯ ಮೇಲೇ ಹೋಗುತ್ತದೆ, ಗಲ್ಲವನ್ನು ಭುಜದತ್ತ ತಿರುಗಿಸಿ ಹೊರಬೀಳುವ ಜಾಗವನ್ನು ನೋಡಿದರೆ ಬೈಕ್ ಅತ್ತ ಸುತ್ತುತ್ತದೆ.

ಇದಕ್ಕೆ ತಗಲುವ ಖರ್ಚು ಪೆಟ್ರೋಲಿನದು ಮಾತ್ರ. ಬಿದ್ದರೂ ಲೆಗ್ ಗಾರ್ಡ್ ಗೀರುತ್ತದೆಯೇ ಹೊರತು ಮೂಳೆ ಮುರಿಯುವ ಸಂಭವ ಕಡಿಮೆ. ಆದರೂ ಹೆಲ್ಮೆಟ್ಟು, ಬೂಟು ಬಿಡುವಂತಿಲ್ಲ. ಬೈಕಿನ ಭಾರ ಎಲ್ಲಿದೆ ಎಂಬುದು ದೇಹಕ್ಕೆ ಗೊತ್ತಾಗುವುದು ಇಲ್ಲಿಯೇ. ಆದರೆ ಈ ವಿದ್ಯೆಗೆ ಒಂದು ಮೇಲ್ಮಿತಿಯಿದೆ. ಗಂಟೆಗೆ 20 ಕಿ.ಮೀ. ದಾಟಿದ ಮೇಲೆ ಬೈಕ್ ತಿರುಗುವ ರೀತಿಯೇ ಬದಲಾಗುತ್ತದೆ. ಎಡಕ್ಕೆ ಹೋಗಬೇಕಾದರೆ ಹ್ಯಾಂಡಲಿನ ಎಡತುದಿಯನ್ನು ಮುಂದಕ್ಕೆ ತಳ್ಳಬೇಕು. ಆಗ ಮುಂದಿನ ಚಕ್ರ ಒಂದು ಕ್ಷಣ ಬಲಕ್ಕೆ ಸರಿದು, ಬೈಕ್ ಎಡಕ್ಕೆ ವಾಲಿ, ಎಡಕ್ಕೆ ತಿರುಗುತ್ತದೆ. ಇದೇ ಕೌಂಟರ್ ಸ್ಟಿಯರಿಂಗ್. ಬೈಕ್ ಓಡಿಸುವ ಎಲ್ಲರೂ ಅರಿವಿಲ್ಲದೆ ಇದನ್ನು ಮಾಡುತ್ತಿರುತ್ತಾರೆ. ಗಾಬರಿಯಾದಾಗ ಬೇಕೆಂದೇ ಮಾಡಬಲ್ಲವರು ಕಡಿಮೆ. ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿದ, 1981ರಲ್ಲಿ ಪ್ರಕಟವಾದ ಹರ್ಟ್ ವರದಿಯು ಅಪಘಾತಕ್ಕೀಡಾದವರಲ್ಲಿ ಈ ಸಾಮರ್ಥ್ಯ ಬಹುತೇಕ ಇರಲೇ ಇಲ್ಲ ಎಂದು ಹೇಳಿತು. ಬೇರೆ ವಾಹನದ ಸಂಬಂಧವಿಲ್ಲದೆ ಆದ ಅಪಘಾತಗಳ ಪೈಕಿ ಮೂರನೆಯ ಎರಡು ಭಾಗದಷ್ಟಕ್ಕೆ ಸವಾರನ ತಪ್ಪೇ ಕಾರಣವಾಗಿತ್ತು. ಅತಿಯಾಗಿ ಬ್ರೇಕ್ ಒತ್ತಿ ಜಾರುವುದು ಮತ್ತು ವೇಗ ಹೆಚ್ಚಾಗಿ ತಿರುವಿನಿಂದ ಹೊರಕ್ಕೆ ಹೋಗುವುದು ಅದರ ಸಾಮಾನ್ಯ ರೂಪಗಳು. ಬಡಾವಣೆಯ ಅಭ್ಯಾಸ ಈ ಎರಡನೆಯ ಅಪಾಯವನ್ನು ಮುಟ್ಟುವುದೇ ಇಲ್ಲ.

ಎರಡನೆಯದು ಘಾಟಿಯಲ್ಲಿ ಅನುಭವಿಯೊಬ್ಬರ ಹಿಂದೆ ಹೋಗುವುದು. ಇದೇ ವರದಿಯ ಪ್ರಕಾರ ಅಪಘಾತಕ್ಕೀಡಾದ ಸವಾರರಲ್ಲಿ ಶೇ. 92ರಷ್ಟು ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಸ್ನೇಹಿತರಿಂದ ಕಲಿತವರು. ಆದ್ದರಿಂದ ಯಾರ ಹಿಂದೆ ಹೋಗುತ್ತೇವೆ ಎಂಬುದರ ಮೇಲೆ ಈ ದಾರಿಯ ಬೆಲೆ ನಿಂತಿದೆ. ನನಗೆ ದಾರಿ ತೋರಿಸಿದ ತೀರ್ಥಹಳ್ಳಿಯ ಹಿರಿಯರು ವೇಗದ ಮನುಷ್ಯರಲ್ಲ, ಅದೇ ಅವರ ದೊಡ್ಡ ಅರ್ಹತೆ. ಸೋಮೇಶ್ವರದಿಂದ ಆಗುಂಬೆಗೆ ಏರುವ ರಾಷ್ಟ್ರೀಯ ಹೆದ್ದಾರಿ 169ಎಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಕೆಳಗೆ ನಿಲ್ಲಿಸಿ ಅವರು ಹೇಳಿದ್ದು ಇಷ್ಟೇ: “ನನ್ನ ಹಿಂದಿನ ಚಕ್ರ ನೋಡ್ಬೇಡಿ ಮಾರಾಯ್ರೆ, ನನ್ನ ಹೆಲ್ಮೆಟ್ ಎತ್ತ ತಿರುಗ್ತದೆ ಅದನ್ನ ನೋಡಿ. ನಾನು ಬ್ರೇಕ್ ಹಿಡಿಯೋದು ಬೈಕ್ ನೆಟ್ಟಗಿದ್ದಾಗ ಮಾತ್ರ.”

ಅವರ ಹಿಂದೆ ಹೋದಾಗ ಎರಡು ಬಗೆಯ ದಾರಿಗಳ ವ್ಯತ್ಯಾಸ ಸ್ಪಷ್ಟವಾಯಿತು. ತಿರುವು ಕಂಡ ಕೂಡಲೇ ಒಳಅಂಚಿಗೆ ನುಗ್ಗುವುದು ಒಂದು ಬಗೆ. ಮೊದಲರ್ಧ ಸುಲಭವೆನಿಸುತ್ತದೆ, ಆದರೆ ಹೊರಬೀಳುವಾಗ ಬೈಕ್ ರಸ್ತೆಯ ಹೊರಅಂಚಿಗೆ ಸರಿಯುತ್ತದೆ, ಅದನ್ನು ತಡೆಯಲು ಇನ್ನಷ್ಟು ವಾಲಿಸಬೇಕಾಗುತ್ತದೆ, ಅಷ್ಟರಲ್ಲಿ ಪೆಗ್ ನೆಲಕ್ಕೆ ಬಂದಿರುತ್ತದೆ. ಇನ್ನೊಂದು ಬಗೆಯಲ್ಲಿ, ನಮ್ಮ ಪಾಲಿನ ರಸ್ತೆಯ ಹೊರಬದಿಯಲ್ಲೇ ಇನ್ನೂ ಸ್ವಲ್ಪ ಮುಂದಕ್ಕೆ ಹೋಗಿ, ತಿರುವಿನ ಆಚೆಬದಿ ಕಂಡ ಮೇಲೆ ವಾಲಿಸಿ, ಮುಕ್ಕಾಲು ತಿರುವು ಕಳೆದ ಮೇಲೆ ಒಳಅಂಚಿಗೆ ಹತ್ತಿರವಾಗುತ್ತೇವೆ. ಆಗ ಎದುರಿಗೆ ಬರುವ ಬಸ್ಸು ಬೇಗ ಕಾಣುತ್ತದೆ, ಹೊರಬೀಳುವಾಗ ಹ್ಯಾಂಡಲ್ ನೇರವಾಗುತ್ತಿರುತ್ತದೆ, ವಾಲಿಸಲು ಇನ್ನೂ ಜಾಗ ಉಳಿದಿರುತ್ತದೆ. ಕ್ರೂಸರ್‌ಗೆ ಈ ಎರಡನೆಯದೇ ತಕ್ಕದ್ದು. ಇದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಎಡ ತಿರುವೂ ಬಲ ತಿರುವೂ ಒಂದೇ ಅಲ್ಲವೆಂಬುದನ್ನೂ ಘಾಟಿಯೇ ಕಲಿಸುತ್ತದೆ. ನಾವು ಎಡಬದಿಯಲ್ಲಿ ಹೋಗುವವರಾದ್ದರಿಂದ ಎಡ ಹೇರ್‌ಪಿನ್ ನಮಗೆ ಹೆಚ್ಚು ಬಿಗಿ. ಏರುವಾಗ ಒಳಅಂಚು ಕಡಿದಾಗಿಯೂ ಇರುತ್ತದೆ, ಮಳೆಗಾಲ ಮುಗಿದ ಮೇಲೂ ಅಲ್ಲಿ ಪಾಚಿ, ಕೊಳೆತ ಎಲೆ, ಜಲ್ಲಿಪುಡಿ ಕೂತಿರುತ್ತದೆ. ಬಲ ತಿರುವು ಅಗಲವಾಗಿದ್ದರೂ ಅದರ ಅಪಾಯ ಬೇರೆ. ಚಕ್ರಗಳು ನಮ್ಮ ಪಾಲಿನ ರಸ್ತೆಯಲ್ಲೇ ಇದ್ದರೂ ವಾಲಿದ ತಲೆ, ಭುಜ ನಡುಗೆರೆ ದಾಟಿ ಎದುರಿನ ವಾಹನದ ದಾರಿಗೆ ಚಾಚಿರುತ್ತವೆ. ಬಸ್ಸುಗಳೋ, ಬಿಗಿ ತಿರುವಿನಲ್ಲಿ ಅನಿವಾರ್ಯವಾಗಿ ಇಡೀ ರಸ್ತೆಯನ್ನು ಬಳಸುತ್ತವೆ. ಏರುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮವಿದೆ, ಆದರೆ ಅದನ್ನು ನಂಬಿಕೊಂಡು ವಾಲಿಸುವಂತಿಲ್ಲ. ಮೀಟಿಯರ್‌ನ ಐದು ಗೇರುಗಳಲ್ಲಿ ಈ ತಿರುವುಗಳಿಗೆ ಎರಡನೆಯದು ಹೊಂದುತ್ತದೆ. ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಅಲುಗಿದರೂ ಬೈಕ್ ಜಗ್ಗುತ್ತದೆ. ಇಳಿಯುವಾಗಲೂ ಎರಡನೆಯ ಗೇರೇ ಒಳ್ಳೆಯದು, ವೇಗವನ್ನು ಎಂಜಿನ್ ಹಿಡಿದುಕೊಳ್ಳುವುದರಿಂದ ಬ್ರೇಕ್ ಕಾಯುವುದಿಲ್ಲ. ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇದೆಯೆಂದು ತಿರುವಿನ ನಡುವೆ ಬ್ರೇಕ್ ಬಿಗಿಯುವುದೂ ಸಲ್ಲದು, ಏಕೆಂದರೆ ಈ ಬೈಕಿನ ಎಬಿಎಸ್ ವಾಲಿದ ಕೋನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಬಗೆಯದಲ್ಲ.

ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿಯಲ್ಲೂ ಇದೇ ಕ್ರಮವನ್ನು ಅನುಸರಿಸಿದೆ. ಅಲ್ಲಿ ಹೇರ್‌ಪಿನ್‌ಗಳ ನಡುವೆ ಒಂದಕ್ಕೊಂದು ಹೆಣೆದುಕೊಂಡ ಸಣ್ಣ ತಿರುವುಗಳೂ ಬರುವುದರಿಂದ ಎಡಬಲ ಬದಲಾಯಿಸುವ ಅಭ್ಯಾಸ ಆಗುಂಬೆಗಿಂತ ಚೆನ್ನಾಗಿ ಆಗುತ್ತದೆ. ವಾರಾಂತ್ಯದ ಮಧ್ಯಾಹ್ನ ಮಾತ್ರ ಅತ್ತ ಹೋಗಬಾರದು. ಮಂಜು ನೋಡಲು ನಿಂತ ಕಾರುಗಳು ತಿರುವಿನಲ್ಲೇ ನಿಂತಿರುತ್ತವೆ.

ಮೂರನೆಯದು ರೇಸ್ ಟ್ರ್ಯಾಕ್. ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಯ ಸುತ್ತು ಸುಮಾರು 2.1 ಕಿ.ಮೀ. ಚೆನ್ನೈ ಸಮೀಪದ ಇರುಂಗಾಟುಕೋಟೆಯ ಟ್ರ್ಯಾಕ್ 3.7 ಕಿ.ಮೀ. ಇದೆ, ಆದರೆ ಹೊಸಬರಿಗೆ ಚಿಕ್ಕದೇ ಸಾಕು. ನಾನು ಸೇರಿದ ತರಬೇತಿಯಲ್ಲಿ ಕ್ರೂಸರ್‌ಗಳಿಗೆ ಪ್ರವೇಶವಿರಲಿಲ್ಲವಾದ್ದರಿಂದ ಬಾಡಿಗೆಯ ಸಣ್ಣ ಸ್ಪೋರ್ಟ್ಸ್ ಬೈಕಿನಲ್ಲಿ, ಬಾಡಿಗೆಯ ಚರ್ಮದ ಸೂಟಿನಲ್ಲಿ ಕಲಿಯಬೇಕಾಯಿತು. ಬೈಕಿನ ಬಾಡಿಗೆ, ಸೂಟು, ಶುಲ್ಕ, ಪ್ರಯಾಣ, ವಸತಿ ಎಲ್ಲವನ್ನೂ ಕೂಡಿಸಿದರೆ ಇದು ಮೂರರಲ್ಲಿ ಅತ್ಯಂತ ದುಬಾರಿ.

ಅಷ್ಟು ಹಣಕ್ಕೆ ಸಿಕ್ಕಿದ್ದು ಒಂದೇ ವಿದ್ಯೆ, ಆದರೆ ಅದು ಗಟ್ಟಿಯಾಗಿ ಸಿಕ್ಕಿತು. ಎದುರಿನಿಂದ ಯಾರೂ ಬರುವುದಿಲ್ಲ, ಮರಳಿಲ್ಲ, ದನವಿಲ್ಲ. ಅದೇ ತಿರುವು ಮತ್ತೆ ಮತ್ತೆ ಬರುತ್ತದೆ. ಹೀಗಿರುವಾಗ ಹ್ಯಾಂಡಲ್ ತಳ್ಳಿದಷ್ಟೂ ಬೈಕ್ ವಾಲುತ್ತದೆಂಬುದನ್ನು ತೋಳು ನಂಬುತ್ತದೆ. ಬೇಗ ತಳ್ಳಿದರೆ ಬೇಗ ತಿರುಗುತ್ತದೆ. ಮೊಣಕೈ ಸಡಿಲವಾಗಿದ್ದರೆ ಬೈಕ್ ತಾನೇ ಸ್ಥಿರವಾಗುತ್ತದೆ. ತಿರುವಿನೊಳಗೆ ಆಕ್ಸಿಲರೇಟರನ್ನು ಒಮ್ಮೆಲೇ ಬಿಟ್ಟರೆ ಮುಂಭಾಗ ಕುಗ್ಗಿ, ನೆಲದಿಂದ ಇರುವ ಅಂತರವೂ ಕಡಿಮೆಯಾಗುತ್ತದೆ. ಕಡೆಯ ಮಾತು ಕ್ರೂಸರ್‌ಗೇ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಅದರಲ್ಲಿ ಕಳೆದುಕೊಳ್ಳಲು ಹೆಚ್ಚಿನ ಅಂತರವಿಲ್ಲ. ಮಂಡಿ ಚಾಚಿ ಆಸನದಿಂದ ಜಾರುವ ಭಂಗಿಯನ್ನೂ ಅಲ್ಲಿ ಶ್ರದ್ಧೆಯಿಂದ ಕಲಿಸಿದರು. ಮೀಟಿಯರ್ ಮೇಲೆ ಅದನ್ನು ಮಾಡಹೊರಟರೆ ನೋಡಿದವರು ನಗುತ್ತಾರೆ, ಸೊಂಟ ಅಳುತ್ತದೆ.

ಮೂರೂ ಕಡೆಗಳ ನಿಜವಾದ ಭಿನ್ನಾಭಿಪ್ರಾಯ ಇರುವುದು ಮುಂಡದ ಸ್ಥಾನದ ಬಗ್ಗೆ. ಬಡಾವಣೆಯಲ್ಲಿ ಬೈಕನ್ನು ಒಳಗೆ ವಾಲಿಸಿ ಮುಂಡವನ್ನು ನೆಟ್ಟಗೆ, ಬೇಕಾದರೆ ಹೊರಬದಿಗೆ ಇಡಬೇಕು. ವೇಗವಿಲ್ಲದಾಗ ಬಿಗಿಯಾಗಿ ಸುತ್ತಲು ಬೇರೆ ಉಪಾಯವಿಲ್ಲ. ಟ್ರ್ಯಾಕಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಮುಂಡ ಬೈಕಿಗಿಂತ ಹೆಚ್ಚು ಒಳಗಿರಬೇಕು. ಘಾಟಿಯ ಹಿರಿಯರು ಬೈಕಿನ ಜೊತೆಗೇ ವಾಲಿ ಎನ್ನುತ್ತಾರೆ. ಮೂರೂ ತಮ್ಮ ತಮ್ಮ ವೇಗಕ್ಕೆ ಸರಿಯೇ. ದೇಹ ಎಷ್ಟು ಒಳಗೆ ಬರುತ್ತದೆಯೋ ಬೈಕ್ ಅಷ್ಟು ಕಡಿಮೆ ವಾಲಿದರೆ ಸಾಕಾಗುವುದರಿಂದ, ಘಾಟಿಯಲ್ಲಿ ಕ್ರೂಸರ್‌ಗೆ ಟ್ರ್ಯಾಕಿನ ಸಲಹೆಯ ಅಲ್ಪಾಂಶವನ್ನು ನಾನು ಉಳಿಸಿಕೊಂಡಿದ್ದೇನೆ. ಆಸನ ಬಿಡದೆ, ಒಳಭುಜವನ್ನು ಮಾತ್ರ ಸ್ವಲ್ಪ ಇಳಿಸಿ, ಗಲ್ಲವನ್ನು ತಿರುವಿನ ಒಳಬದಿಯ ಕನ್ನಡಿಯತ್ತ ಒಯ್ಯುತ್ತೇನೆ. ಬಡಾವಣೆಯ ಅಭ್ಯಾಸವನ್ನೇ ಘಾಟಿಗೂ ಒಯ್ದು, ಮುಂಡ ನೆಟ್ಟಗಿಟ್ಟು ಬೈಕನ್ನು ಮಾತ್ರ ಒತ್ತುವವರನ್ನು ಹಲವು ಕಡೆ ಕಂಡಿದ್ದೇನೆ. ಪೆಗ್ ಮೊದಲು ಉಜ್ಜುವುದು ಅವರದೇ.

ಹಣವೂ ಬಿಡುವೂ ಒಂದಕ್ಕೆ ಮಾತ್ರ ಸಾಲುವುದಾದರೆ ನನ್ನ ಆಯ್ಕೆ ಘಾಟಿ, ಆದರೆ ಎಂಟರ ಆಕಾರ ಕಾಲೂರದೆ ಬರುವವರೆಗೆ ಅಲ್ಲಿಗೆ ಹೋಗಬಾರದು. ಸೂಪರ್ ಮೀಟಿಯರ್‌ನಂಥ ಭಾರದ ಬೈಕ್ ಕೊಂಡವರು ಬಡಾವಣೆಯಲ್ಲೇ ಹೆಚ್ಚು ಕಾಲ ಕಳೆಯುವುದು ಒಳಿತು, ಏಕೆಂದರೆ ಆ ತೂಕದ ಬೈಕು ಹೇರ್‌ಪಿನ್‌ನಲ್ಲಿ ನಿಂತುಬಿಟ್ಟರೆ ಒಬ್ಬರ ಕಾಲು ಅದನ್ನು ಹಿಡಿಯಲಾರದು. ವರ್ಷಗಟ್ಟಲೆ ಬೈಕ್ ಓಡಿಸಿಯೂ ತಿರುವಿನಲ್ಲಿ ತೋಳು ಬಿಗಿಯಾಗುವವರಿಗೆ ಮಾತ್ರ ಟ್ರ್ಯಾಕಿನ ಖರ್ಚು ಸಾರ್ಥಕ. ಹೊಸಬರಿಗೆ ಅದು ಅವಸರದ ಮಾತು.

ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ತಿರುಗುವುದನ್ನು ಈ ಮೂರು ಕಡೆಯೂ ಯಾರೂ ಹೇಳಿಕೊಡಲಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿ ಪೆಗ್ ಇನ್ನೂ ಬೇಗ ನೆಲ ಮುಟ್ಟುವುದರಿಂದ, ಹೊರಡುವ ಮೊದಲು ಸ್ಪ್ರಿಂಗಿನ ಬಿಗಿಯನ್ನು ಒಂದೆರಡು ಹಂತ ಏರಿಸಿಕೊಳ್ಳುತ್ತೇನೆ, ಹೇರ್‌ಪಿನ್‌ಗೆ ಒಬ್ಬನೇ ಇದ್ದಾಗಿನ ವೇಗಕ್ಕಿಂತ ಗಂಟೆಗೆ 5 ಕಿ.ಮೀ. ಕಡಿಮೆಯಲ್ಲಿ ಇಳಿಯುತ್ತೇನೆ. ಹಿಂದೆ ಕೂರುವ ಮನೆಯವರಿಗೆ ಹೇಳುವುದು ಒಂದೇ ಮಾತು: ಎಡ ತಿರುವಿನಲ್ಲಿ ನನ್ನ ಎಡ ಭುಜದ ಮೇಲಿಂದ ರಸ್ತೆ ನೋಡು, ಬಲ ತಿರುವಿನಲ್ಲಿ ಬಲ ಭುಜದ ಮೇಲಿಂದ.